ಒಂದು ಮತ ಕಡಿಮೆ

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಜೂನ್ ತಿಂಗಳ ಕೊನೆಗೆ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಸಮಾಜ ವಿಜ್ಞಾನ ಕಲಿಸುವವಳು ನಾನಾದ್ದರಿಂದ ಅದರ ಚುನಾವಣಾ ಆಯುಕ್ತಳೂ ನಾನೇ, ಮತಪೆಟ್ಟಿಗೆ ಅಂಟಿಸುವವಳೂ ನಾನೇ. ಬೂಟಿನ ಖಾಲಿ ಡಬ್ಬಿಗೆ ಬಿಳಿ ಹಾಳೆ ಸುತ್ತಿ ಮೇಲೊಂದು ಸೀಳು ಕೊಯ್ದರೆ ಪೆಟ್ಟಿಗೆ ಸಿದ್ಧ. ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಎರಡೆರಡು ವಿಭಾಗ. ವಿಭಾಗಕ್ಕೆ ಇಬ್ಬರು ಮುಂದಾಳುಗಳು. ಒಟ್ಟು 12 ಜನ. ಹೆಚ್ಚು ಓಟು ಬಿದ್ದವರು ಗೆದ್ದಂತೆ. ಮೂವತ್ತು ವರ್ಷದ ಹತ್ತಿರ ಹತ್ತಿರ ಇದನ್ನು ಮಾಡಿಕೊಂಡು ಬಂದಿದ್ದೇನೆ. ಮಕ್ಕಳಿಗೆ ಪ್ರಜಾಪ್ರಭುತ್ವ ಕಲಿಸುತ್ತಿದ್ದೇನೆ ಎಂಬ ಸಣ್ಣ ಹೆಮ್ಮೆಯೂ ಇತ್ತು.

2024ರ ಜೂನ್‌ನಲ್ಲಿ ಆ ಹೆಮ್ಮೆಗೆ ಪೆಟ್ಟು ಬಿತ್ತು. ಲೋಕಸಭೆಯ ಫಲಿತಾಂಶ ಬಂದು ಮೂರು ವಾರವಾಗಿತ್ತು. ಮಕ್ಕಳ ಬಾಯಲ್ಲೆಲ್ಲ ಅದೇ ಮಾತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ಅಕ್ಕೋರ, ಲೋಕಸಭಾಕ್ಕ ನಮ್ಮ ಅವ್ವ-ಅಪ್ಪ ಓಟ ಹಾಕಿ ಬಂದ್ರು. ರಾಜ್ಯಸಭಾಕ್ಕ ಯಾವಾಗ ಹಾಕ್ತಾರ್ರೀ?"

"ಅದಕ್ಕ ನಾವು ಹಾಕೂದಿಲ್ಲವ್ವಾ. ನಾವು ಆರಿಸಿ ಕಳಿಸಿದ ಎಮ್ಮೆಲ್ಲೆಗಳು ಹಾಕ್ತಾರ."

"ಹಂಗಾದ್ರ ಅವರು ಯಾರನ್ನ ಆರಸ್ತಾರ ಅಂತ ನಮ್ಮನ್ನ ಕೇಳೂದಿಲ್ಲೇನ್ರೀ?"

ಪಠ್ಯಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಮೇಲೆಂದು, "ಈ ವರ್ಷ ನಮ್ಮ ಶಾಲಿಯೊಳಗೂ ಒಂದು ರಾಜ್ಯಸಭಾ ಮಾಡೋಣು" ಎಂದೆ. ಆಯ್ಕೆಯಾದ 12 ಮುಂದಾಳುಗಳನ್ನು ಶಾಸಕರೆಂದು ತಿಳಿಯುವುದು; ಅವರು ಮತ ಹಾಕಿ ಮೂವರನ್ನು ಮೇಲ್ಮನೆಗೆ ಕಳಿಸುವುದು. ನಾಲ್ವರು ಉಮೇದುವಾರರು ನಿಂತರು: ಮೂವರು ಹುಡುಗರು ಮತ್ತು ಪ್ರಶ್ನೆ ಕೇಳಿದ ಅದೇ ಹುಡುಗಿ.

ರಾಜ್ಯಸಭೆಯ ಮತದಾನ ಗುಂಡಿ ಒತ್ತುವ ಮತದಾನವಲ್ಲ. ಮತಪತ್ರದಲ್ಲಿ ಹೆಸರುಗಳ ಮುಂದೆ 1, 2, 3 ಎಂದು ನಮ್ಮ ಒಲವಿನ ಕ್ರಮವನ್ನು ಬರೆಯಬೇಕು. ಗೆಲ್ಲಲು ಬೇಕಾದ ಮತಗಳಿಗೂ ಒಂದು ಲೆಕ್ಕವಿದೆ. ಒಟ್ಟು ಮತಗಳನ್ನು, ತುಂಬಬೇಕಾದ ಸ್ಥಾನಗಳಿಗೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ, ಬಂದದ್ದಕ್ಕೆ ಮತ್ತೊಂದು ಸೇರಿಸಬೇಕು. ನಮ್ಮಲ್ಲಿ 12 ಮತ, 3 ಸ್ಥಾನ. 12ನ್ನು 4ರಿಂದ ಭಾಗಿಸಿದರೆ 3, ಒಂದು ಸೇರಿಸಿದರೆ 4. ಯಾರಿಗೂ ಅಷ್ಟು ಬರದಿದ್ದರೆ ಎಲ್ಲರಿಗಿಂತ ಕಡಿಮೆ ಪಡೆದವರನ್ನು ಹೊರಗಿಟ್ಟು, ಅವರ ಚೀಟಿಗಳನ್ನು ಎರಡನೆಯ ಒಲವಿನಂತೆ ಹಂಚುತ್ತಾರೆ. ಗಣಿತದ ಮಾಸ್ತರರು ಖುಷಿಯಿಂದ ಎಣಿಕೆಗೆ ಕೂತರು. ಹುಡುಗರಿಗೆ 4, 3, 3. ಹುಡುಗಿಗೆ 2. ಅವಳೇ ಎಲ್ಲರಿಗಿಂತ ಕೆಳಗೆ. ಆಟ ಅಲ್ಲಿಗೆ ಮುಗಿಯಿತು. ಮೂರನೆಯ ಹುಡುಗನ ಮೂರು ಮತಗಳಲ್ಲಿ ಒಂದೇ ಒಂದು ಇವಳ ಕಡೆ ಬಂದಿದ್ದರೆ ಅವನು ಹೊರಗೆ, ಇವಳು ಒಳಗೆ.

ಒಂದು ಮತ ಯಾಕೆ ಕಡಿಮೆ ಬಿತ್ತು? 12 ಮುಂದಾಳುಗಳಲ್ಲಿ ಹುಡುಗಿಯರು ಇದ್ದದ್ದೇ ಇಬ್ಬರು. ಆ ಇಬ್ಬರ ಮತ ಇವಳಿಗೆ ಬಿತ್ತು. ಇನ್ನೊಬ್ಬ ಹುಡುಗ ಇವಳಿಗೇ ಹಾಕುತ್ತೇನೆಂದು ಮೊದಲು ಹೇಳಿದ್ದನಂತೆ. ಆದರೆ ಹುಡುಗರು ಚೀಟಿಯನ್ನು ಒಬ್ಬರಿಗೊಬ್ಬರು ತೋರಿಸಿ ಪೆಟ್ಟಿಗೆಗೆ ಹಾಕಿದರು. ಅವನ ಕೈ ಹಿಂದೆಗೆಯಿತು. ನಾನು ಆ ಹುಡುಗನನ್ನು ಬಯ್ಯಲಿಲ್ಲ. ನಮ್ಮ ದೇಶದ ರಾಜ್ಯಸಭೆಯ ಚುನಾವಣೆಯಲ್ಲಿ ನಡೆಯುವುದೂ ಇದೇ ಎಂಬುದು ನನಗೆ ಗೊತ್ತಿತ್ತು.

ನಮ್ಮ ಸಂಸತ್ತಿಗೆ ಎರಡು ಮನೆಗಳು. ಕೆಳಮನೆಯಾದ ಲೋಕಸಭೆಗೆ 543 ಸ್ಥಾನ. ಅದರಲ್ಲಿ ಕರ್ನಾಟಕಕ್ಕೆ 28. ಅಲ್ಲಿಗೆ 18 ತುಂಬಿದ ನಾವೆಲ್ಲ ನೇರವಾಗಿ ಮತ ಹಾಕುತ್ತೇವೆ. ನಿಲ್ಲುವವರಿಗೆ 25 ವರ್ಷ ತುಂಬಿರಬೇಕು. ಐದು ವರ್ಷದ ಅವಧಿ. ನಡುವೆ ವಿಸರ್ಜನೆಯೂ ಆಗಬಹುದು. ಮೇಲ್ಮನೆಯಾದ ರಾಜ್ಯಸಭೆಗೆ 245 ಸ್ಥಾನ; ಅದರಲ್ಲಿ 233 ಚುನಾಯಿತರು, 12 ಮಂದಿ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಿಂದ ರಾಷ್ಟ್ರಪತಿಗಳು ನಾಮಕರಣ ಮಾಡುವವರು. ಕರ್ನಾಟಕದ ಪಾಲು 12. ಇಲ್ಲಿ 30 ವರ್ಷ ತುಂಬಿರಬೇಕು, ಅವಧಿ ಆರು ವರ್ಷ. ಈ ಮನೆ ಎಂದೂ ವಿಸರ್ಜನೆಯಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಪಾಲು ಜನ ನಿವೃತ್ತರಾಗಿ ಆ ಜಾಗಕ್ಕೆ ಹೊಸಬರು ಬರುತ್ತಾರೆ. ಹಾಗಾಗಿ ನಮ್ಮ ರಾಜ್ಯದಿಂದ ಸಾಮಾನ್ಯವಾಗಿ ಸರತಿಗೆ ನಾಲ್ವರು. ವಿಧಾನಸಭೆಯ 224 ಶಾಸಕರನ್ನು ಐದರಿಂದ ಭಾಗಿಸಿ ನೋಡಿ. ಒಬ್ಬರು ಗೆಲ್ಲಲು ಬೇಕಾದದ್ದು 45 ಮತ.

ಈಗ ನಮ್ಮ ಶಾಲೆಯ ಲೆಕ್ಕವನ್ನು ಬೆಂಗಳೂರಿಗೆ ಒಯ್ಯೋಣ. 2023ರ ವಿಧಾನಸಭಾ ಚುನಾವಣೆಯಲ್ಲಿ 224ರಲ್ಲಿ ಗೆದ್ದ ಹೆಂಗಸರು 10. ಪಕ್ಷಭೇದ ಮರೆತು ಈ ಹತ್ತೂ ಜನ ಒಬ್ಬ ಹೆಣ್ಣುಮಗಳಿಗೆ ಮತ ಹಾಕಿದರೆಂದೇ ಇಟ್ಟುಕೊಳ್ಳಿ. ಬೇಕಾದ 45ರಲ್ಲಿ ಕಾಲು ಭಾಗವೂ ಆಗುವುದಿಲ್ಲ. ಮೇಲಾಗಿ ಪಕ್ಷಭೇದ ಮರೆಯುವ ಹಾಗೂ ಇಲ್ಲ. 2003ರಲ್ಲಿ ಪ್ರಜಾಪ್ರತಿನಿಧಿ ಕಾಯಿದೆಗೆ ತಿದ್ದುಪಡಿ ತಂದು ರಾಜ್ಯಸಭೆಯ ಮತದಾನವನ್ನು ಬಹಿರಂಗಗೊಳಿಸಿದರು. ಶಾಸಕರು ತಾವು ಗುರುತು ಮಾಡಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಹಣಕ್ಕೆ ಮತ ಮಾರಿಕೊಳ್ಳುವುದನ್ನು ತಡೆಯಲು ಈ ಏರ್ಪಾಡು ಎಂದರು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರಿಣಾಮ ನೋಡಿ: ಯಾರು ಮೇಲ್ಮನೆಗೆ ಹೋಗಬೇಕೆಂಬುದು ಮತಪೆಟ್ಟಿಗೆಯ ಮುಂದಲ್ಲ, ಪಕ್ಷದ ಹಿರಿಯರ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ಅದೇ ತಿದ್ದುಪಡಿಯಲ್ಲಿ, ಉಮೇದುವಾರ ಆ ರಾಜ್ಯದ ಮತದಾರನೇ ಆಗಿರಬೇಕೆಂಬ ನಿಯಮವನ್ನೂ ತೆಗೆದರು. ದೇಶದ ಯಾವ ಮೂಲೆಯ ಮತದಾರನಾದರೂ ಕರ್ನಾಟಕದಿಂದ ನಿಲ್ಲಬಹುದು. ಪರವೂರಿನವರಿಗೆ ಬಾಗಿಲು ಅಷ್ಟು ಸಲೀಸಾಗಿ ತೆರೆಯಿತು. ಅದೇ ಮನೆಯ ಹೆಣ್ಣುಮಕ್ಕಳಿಗೆ?

2020, 2022, 2024 ಈ ಮೂರು ಸರತಿಗಳಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ 12 ಜನ ಆಯ್ಕೆಯಾದರು. ಹೆಂಗಸು ಒಬ್ಬರೇ, 2022ರಲ್ಲಿ ನಿರ್ಮಲಾ ಸೀತಾರಾಮನ್. 2020ರಲ್ಲಿ ನಾಲ್ವರೂ ಗಂಡಸರು, ಅದೂ ಅವಿರೋಧವಾಗಿ. 2024ರ ಫೆಬ್ರವರಿಯಲ್ಲಿ ಗೆದ್ದ ನಾಲ್ವರೂ ಗಂಡಸರು, ಸೋತ ಒಬ್ಬರೂ ಗಂಡಸು. ಸೋಲುವುದಕ್ಕೂ ನಮ್ಮನ್ನು ಕರೆಯಲಿಲ್ಲ!

"ಯಾರಾದರೇನು ಟೀಚರ್, ಕೆಲಸ ಆದರೆ ಸಾಕಲ್ಲ" ಎಂದು ನಮ್ಮ ಮಹಿಳಾ ಮಂಡಳದಲ್ಲಿಯೇ ಒಬ್ಬರು ಅಂದರು. ಬಹಳ ಜನ ಹೀಗೆ ತಿಳಿದಿದ್ದೇವೆ. ದಿಲ್ಲಿ ದೂರ, ನಮಗೆ ಬೇಕಾದದ್ದು ನಲ್ಲಿಯ ನೀರು, ಗ್ಯಾಸಿನ ಸಿಲಿಂಡರು, ಮಕ್ಕಳ ಫೀಸು. ಆದರೆ ದಿಲ್ಲಿಯ ಆ ಎರಡು ಮನೆಗಳು ನಮ್ಮ ಮನೆಯ ಒಳಕೋಣೆಯವರೆಗೂ ಬಂದು ಹೋಗಿವೆ. ವರದಕ್ಷಿಣೆ ನಿಷೇಧದ ಮಸೂದೆಯ ಮೇಲೆ ಲೋಕಸಭೆಗೂ ರಾಜ್ಯಸಭೆಗೂ ಒಮ್ಮತ ಬರಲಿಲ್ಲ. ಕೊನೆಗೆ 1961ರ ಮೇ ತಿಂಗಳಲ್ಲಿ ಎರಡೂ ಮನೆಗಳ ಜಂಟಿ ಅಧಿವೇಶನ ಕೂಡಿಸಿ ಅದನ್ನು ಪಾಸು ಮಾಡಬೇಕಾಯಿತು. ಇಡೀ ಸಂಸತ್ತಿನ ಇತಿಹಾಸದಲ್ಲಿ ಮಸೂದೆಯೊಂದಕ್ಕಾಗಿ ಕೂಡಿದ ಮೊಟ್ಟಮೊದಲ ಜಂಟಿ ಅಧಿವೇಶನ ಅದು, ನಮ್ಮ ಮಕ್ಕಳ ಮದುವೆಯ ಕೊಡು-ಕೊಳ್ಳುವಿಕೆಯ ಬಗ್ಗೆ! ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಆದದ್ದೂ ಅಲ್ಲಿಯೇ. 1956ರ ಮೂಲ ಕಾಯಿದೆಗೂ ಈ ತಿದ್ದುಪಡಿಗೂ ನಡುವೆ 49 ವರ್ಷ. ಅಷ್ಟರಲ್ಲಿ ಎಷ್ಟು ಮನೆಗಳ ಹೆಣ್ಣುಮಕ್ಕಳು ಸೀರೆ-ಕುಪ್ಪಸ ತೆಗೆದುಕೊಂಡು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿರಬಹುದು? ನಾನೂ ಮಾಡಿದವಳೇ.

ಕಾಯಿದೆ ಮಾಡುವುದೊಂದೇ ಸದಸ್ಯರ ಕೆಲಸವಲ್ಲ. ಪ್ರಶ್ನೆ ಕೇಳುವುದು ಅದಕ್ಕಿಂತ ದೊಡ್ಡ ಕೆಲಸ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಬಾಯಿಮಾತಿನ ಉತ್ತರ ಕೊಡಬೇಕು. ಅದರ ಬೆನ್ನಿಗೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಸದನದ ಅನುಮತಿಯಿಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರುಹಾಜರಾದರೆ ಸ್ಥಾನ ಖಾಲಿ ಎಂದು ಘೋಷಿಸುವ ಅಧಿಕಾರವೂ ಸದನಕ್ಕಿದೆ. ನಮ್ಮ ಶಾಲೆಯ ಹಾಜರಿ ಪುಸ್ತಕದಷ್ಟು ಬಿಗಿಯಲ್ಲದಿದ್ದರೂ ಒಂದು ಹಾಜರಿ ಇದೆ ಅನ್ನಿ. ಆದರೆ ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ? ಪ್ರಶ್ನೆ ಹುಟ್ಟುವುದು ಅನುಭವದಿಂದ. ಶೌಚಾಲಯಕ್ಕೆ ಬಾಗಿಲಿಲ್ಲದ ಕಾರಣಕ್ಕೆ ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವ ಹುಡುಗಿಯ ಸಂಕಟ, ಅದನ್ನು ಕಂಡವರಿಗೆ, ಉಂಡವರಿಗೆ ಮೊದಲು ಹೊಳೆಯುತ್ತದೆ. ಗಂಡಸರಲ್ಲಿ ಸೂಕ್ಷ್ಮ ಮನಸ್ಸಿನವರು ಇಲ್ಲವೆಂದಲ್ಲ. ಅವರಿಗೆ ಅದು ಹತ್ತನೆಯ ವಿಷಯ, ನಮಗೆ ಮೊದಲನೆಯದು. ಪ್ರಶ್ನೋತ್ತರ ಕಲಾಪಕ್ಕೆ ಇರುವುದು ಒಂದೇ ತಾಸು.

ಈ ಸ್ಥಿತಿಗೆ ಗಂಡಸರನ್ನು ಮಾತ್ರ ದೂರಿ ನಾನು ಪಾರಾಗಲಾರೆ. ದೇಶದ ಮೊದಲನೆಯ ಮಹಾಚುನಾವಣೆಗೆ, ಅಂದರೆ 1951-52ಕ್ಕೆ, ಮತದಾರರ ಪಟ್ಟಿ ಮಾಡುವಾಗ ಲಕ್ಷಗಟ್ಟಲೆ ಹೆಂಗಸರು ಅಪರಿಚಿತರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸುಮಾರು 28 ಲಕ್ಷ ಹೆಂಗಸರನ್ನು, ಬಹುಪಾಲು ಉತ್ತರದ ರಾಜ್ಯಗಳವರನ್ನು, ಸ್ವಂತ ಹೆಸರಿಲ್ಲವೆಂಬ ಕಾರಣಕ್ಕೆ ಪಟ್ಟಿಯಿಂದ ಕೈಬಿಡಬೇಕಾಯಿತು. ಇದು ಉತ್ತರದ ಕಥೆ ಎಂದು ನಾವು ನಗುವ ಹಾಗಿಲ್ಲ. ನನ್ನ ತಾಯಿಗೆ ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆದರು. ತವರೂರಿನ ಪಟ್ಟಿಯಲ್ಲಿ ಹಳೆಯ ಹೆಸರು ಉಳಿಯಿತು, ಗಂಡನ ಊರಿನ ಪಟ್ಟಿಯಲ್ಲಿ ಹೊಸ ಹೆಸರು ಏರಲಿಲ್ಲ. ಕೆಲವು ಚುನಾವಣೆಗಳು ಹಾಗೆಯೇ ಹೋದವು. ಆಕೆ ಅದಕ್ಕಾಗಿ ಬೇಸರಪಟ್ಟದ್ದನ್ನು ನಾನು ನೋಡಲಿಲ್ಲ. ಬೇಸರಪಡಬೇಕಾದ ಸಂಗತಿ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ನನ್ನ ಕಥೆ ಇನ್ನೂ ನಾಚಿಕೆಯದು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ನಾನು ಬಿ.ಎ. ಓದುತ್ತಿದ್ದೆ, ರಾಜ್ಯಶಾಸ್ತ್ರದಲ್ಲಿ ವರ್ಗಕ್ಕೇ ಮೊದಲಿಗಳು. ಮನೆಯಿಂದ ಹೊರಡುವಾಗ ಅಪ್ಪ, "ಎರಡೂ ಕಾಗದದಾಗ ಅದಕ್ಕ ಒತ್ತು" ಎಂದು ಚಿಹ್ನೆ ಹೇಳಿದರು. ಸಂವಿಧಾನದ ಕಲಮುಗಳನ್ನು ಬಾಯಿಪಾಠ ಹೇಳುತ್ತಿದ್ದ ನಾನು ಎರಡೂ ಕಾಗದದಲ್ಲಿ ಅದಕ್ಕೇ ಸಿಕ್ಕೆ ಒತ್ತಿ ಬಂದೆ. ಮಡಿಚಿದ ಚೀಟಿಯೊಳಗೆ ಏನಿದೆಯೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಯಾವ ಏಜೆಂಟನೂ ನನ್ನ ಮತಪತ್ರ ನೋಡಲಿಲ್ಲ. ಏಜೆಂಟ ನನ್ನ ಒಳಗೇ ಕೂತಿದ್ದ.

ಆದರೂ ಆ ಕಾಲಕ್ಕಿಂತ ನಾವು ಮುಂದೆ ಬಂದಿದ್ದೇವೆ. 2019ರಲ್ಲಿ ಲೋಕಸಭೆಗೆ ಮತ ಹಾಕಿದ ಹೆಂಗಸರ ಪ್ರಮಾಣ ಗಂಡಸರದಕ್ಕಿಂತ ತುಸು ಹೆಚ್ಚಿತ್ತು. 2024ರಲ್ಲೂ ಹಾಗೆಯೇ: ಹೆಂಗಸರು ನೂರಕ್ಕೆ 65.78, ಗಂಡಸರು 65.55. ಒಲೆ ಆರಿಸಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ಸಾಲಿನಲ್ಲಿ ನಿಲ್ಲುವುದನ್ನು ನಾವು ಕಲಿತೆವು. ಬೆರಳಿನ ಶಾಯಿ ತೋರಿಸಿ ಫೋಟೋ ತೆಗೆಸಿಕೊಂಡೆವು. ಫೋಟೋ ಪತ್ರಿಕೆಯಲ್ಲೂ ಬಂತು. ಆದರೆ ಅದೇ 2024ರಲ್ಲಿ ಲೋಕಸಭೆಗೆ ನಿಂತ 8,360 ಉಮೇದುವಾರರಲ್ಲಿ ಹೆಂಗಸರು 800. ಗೆದ್ದವರು 543ರಲ್ಲಿ 74. ಹಿಂದಿನ ಸಲದ 78ಕ್ಕಿಂತ ನಾಲ್ಕು ಕಡಿಮೆ. ನಮ್ಮ ರಾಜ್ಯದ 28ರಲ್ಲಿ 3. ಆ ಮೂವರಲ್ಲಿ ಒಬ್ಬರು ರಾಜ್ಯದ ಮಂತ್ರಿಯೊಬ್ಬರ ಪತ್ನಿ, ಇನ್ನೊಬ್ಬರು ಮತ್ತೊಬ್ಬ ಮಂತ್ರಿಯ ಮಗಳು. ಅವರ ಯೋಗ್ಯತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ರಾಜಕೀಯದ ಮನೆಗಳ ಗಂಡುಮಕ್ಕಳೂ ಹಾಗೆಯೇ ಬರುತ್ತಾರೆ. ನಾನು ಕೇಳುವುದು, ಅಪ್ಪನೂ ಗಂಡನೂ ಮಂತ್ರಿಯಲ್ಲದ ಹೆಣ್ಣುಮಗಳಿಗೆ ಬಾಗಿಲು ಯಾವುದು ಎಂದು. ಒಬ್ಬ ಉಮೇದುವಾರ ಖರ್ಚು ಮಾಡಬಹುದಾದ ಮಿತಿಯನ್ನು ದೊಡ್ಡ ರಾಜ್ಯಗಳ ಲೋಕಸಭಾ ಕ್ಷೇತ್ರಕ್ಕೆ 2022ರಲ್ಲಿ 95 ಲಕ್ಷ ರೂಪಾಯಿಗೆ ಏರಿಸಿದರು. ನಮ್ಮಲ್ಲಿ ಎಷ್ಟು ಜನರ ಹೆಸರಿನಲ್ಲಿ ಮನೆಯ ಉತಾರ ಇದೆ, ಹೇಳಿ?

ಹಿಂದೆ ಆದವರು ಇಲ್ಲವೇ? ಇದ್ದಾರೆ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿಯೇ ಮದರಾಸು ಶಾಸನಸಭೆಗೆ ನಿಂತು ಕೂದಲೆಳೆಯ ಅಂತರದಲ್ಲಿ ಸೋತರು. ನಮ್ಮ ಧಾರವಾಡದ ಸರೋಜಿನಿ ಮಹಿಷಿಯವರು 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಹೋದರು. ಒಂದು ಸಲ ಅಲ್ಲ, ನಾಲ್ಕು ಸಲ. ಮಾರ್ಗರೆಟ್ ಆಳ್ವ 1974ರಲ್ಲಿ ಇನ್ನೂ ಮೂವತ್ತೆರಡರ ಪ್ರಾಯದಲ್ಲಿ ರಾಜ್ಯಸಭೆಗೆ ಹೋಗಿ ಎರಡು ದಶಕಕ್ಕೂ ಮೀರಿ ಅಲ್ಲಿದ್ದರು. ಈ ಹೆಸರುಗಳನ್ನು ಭಾಷಣಗಳಲ್ಲಿ ಮಂಗಳಾರತಿಯ ಹಾಗೆ ಎತ್ತುತ್ತಾರೆ. ಆದರೆ ಅವರು ನಡೆದ ದಾರಿ ಅಗಲವಾಗಬೇಕಿತ್ತಲ್ಲ? ಅರವತ್ತು ವರ್ಷದ ಮೇಲೂ ಅದೇ ಕಾಲುದಾರಿ.

ಸಂವಿಧಾನ ಸಭೆಯಲ್ಲಿ 15 ಮಂದಿ ಹೆಂಗಸರಿದ್ದರು. ಅವರಲ್ಲಿ ಹಂಸಾ ಮೆಹ್ತಾರಂಥವರು ನಮಗೆ ಮೀಸಲು ಸ್ಥಾನ ಬೇಡ, ನ್ಯಾಯ ಸಾಕು ಎಂಬ ನಿಲುವು ತಳೆದರು. ಸ್ವಾಭಿಮಾನದ ಮಾತು. ದೇಶ ತಮ್ಮನ್ನು ಸಮಾನರೆಂದು ನಡೆಸಿಕೊಳ್ಳುತ್ತದೆಂದು ನಂಬಿದ್ದರು. ಆ ನಂಬಿಕೆಗೆ ಪಕ್ಷಗಳು ಕೊಟ್ಟ ಉತ್ತರವನ್ನು ಮೇಲಿನ ಅಂಕಿಗಳಲ್ಲಿ ನೋಡಿದಿರಿ. ಹಾಗಾಗಿಯೇ ಮೀಸಲಾತಿಯ ಮಾತು ಮತ್ತೆ ಎತ್ತಬೇಕಾಯಿತು. ಮೊದಲು ಎತ್ತಿದ್ದು ಕನ್ನಡಿಗರೇ ಪ್ರಧಾನಿಯಾಗಿದ್ದ ಸರಕಾರ: 1996ರ ಸೆಪ್ಟೆಂಬರ್‌ನಲ್ಲಿ ದೇವೇಗೌಡರ ಕಾಲದಲ್ಲಿ ಮೂರನೆಯ ಒಂದು ಸ್ಥಾನ ಮೀಸಲಿಡುವ ಮಸೂದೆ ಲೋಕಸಭೆಗೆ ಬಂತು. ಗೀತಾ ಮುಖರ್ಜಿಯವರ ಜಂಟಿ ಸಮಿತಿ ಮೂರೇ ತಿಂಗಳಲ್ಲಿ ವರದಿ ಕೊಟ್ಟಿತು. ಮಸೂದೆ ಮಾತ್ರ ಬಿದ್ದುಹೋಯಿತು. 1998ರಲ್ಲಿ ಮತ್ತೆ ತಂದಾಗ ಸದನದಲ್ಲೇ ಅದರ ಪ್ರತಿ ಹರಿದು ಚೂರಾಯಿತು. 1999ರಲ್ಲೂ ಅದೇ ಗತಿ. 2008ರಲ್ಲಿ, ಲೋಕಸಭೆ ವಿಸರ್ಜನೆಯಾದರೂ ಸಾಯದಿರಲೆಂದು, ಅದನ್ನು ರಾಜ್ಯಸಭೆಯಲ್ಲಿ ಮಂಡಿಸಿದರು. 2010ರ ಮಾರ್ಚ್ 9ರಂದು ಅಲ್ಲಿ 186 ಮತಗಳಿಂದ, ಒಂದೇ ವಿರೋಧದೊಂದಿಗೆ, ಪಾಸಾಯಿತು. ಆಮೇಲೆ ಲೋಕಸಭೆಯ ಬಾಗಿಲಲ್ಲಿ ನಾಲ್ಕು ವರ್ಷ ಕಾದು 2014ರಲ್ಲಿ ಸತ್ತಿತು. ಯಾವ ಪಕ್ಷವೂ ಬೇಡವೆನ್ನಲಿಲ್ಲ ಎಂಬಂತೆಯೇ ಮಾತು. ಆದರೂ ಕೆಲಸ ಆಗಲಿಲ್ಲ. ಸೊಸೆಗೆ ಬಂಗಾರ ಮಾಡಿಸುತ್ತೇನೆ ಎನ್ನುತ್ತ ಪ್ರತಿ ದೀಪಾವಳಿಗೂ ಅಕ್ಕಸಾಲಿಗ ಊರಲ್ಲಿಲ್ಲ ಎನ್ನುವ ಅತ್ತೆಯ ಹಾಗೆ.

ಕೊನೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454 ಪರ, 2 ವಿರೋಧ. ಮರುದಿನ ರಾಜ್ಯಸಭೆಯಲ್ಲಿ 214 ಪರ, ವಿರೋಧ ಸೊನ್ನೆ. ಸಂವಿಧಾನದ 106ನೆಯ ತಿದ್ದುಪಡಿ ಕಾಯಿದೆಯಾಯಿತು. ನಾವು ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆವು. ಪೇಢೆ ತಿಂದಾದ ಮೇಲೆ ಪತ್ರಿಕೆಯನ್ನು ಪೂರ್ತಿ ಓದಿದೆ. ಕಾಯಿದೆ ಬಂದ ಮೇಲಿನ ಮೊದಲ ಜನಗಣತಿ ಆಗಬೇಕು, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಮೀಸಲಾತಿ ಎಂದು ಅದರೊಳಗೇ ಷರತ್ತು ಬರೆದಿದ್ದರು. ಹೀಗೆ 2024ರ ಲೋಕಸಭಾ ಚುನಾವಣೆ ಹಳೆಯ ರೀತಿಯಲ್ಲೇ ನಡೆದುಹೋಯಿತು. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರಲಿಲ್ಲ. ಈ ಮೀಸಲಾತಿ ಲೋಕಸಭೆಗೆ ಮತ್ತು ವಿಧಾನಸಭೆಗಳಿಗೆ. ರಾಜ್ಯಸಭೆಗೆ ಇಲ್ಲ. ಒಬ್ಬರ ವಿರೋಧವೂ ಇಲ್ಲದೆ 214 ಕೈಗಳನ್ನೆತ್ತಿದ ಆ ಮೇಲ್ಮನೆ, ಪಕ್ಕದ ಮನೆಯ ಬಾಗಿಲು ತೆರೆಯಿರಿ ಎಂದು ಒಮ್ಮತದಿಂದ ಹೇಳಿತು. ತನ್ನ ಬಾಗಿಲಿನ ಮಾತೆತ್ತಲಿಲ್ಲ.

ಇದಕ್ಕೆ ಕಾರಣ ಕೊಡುವವರಿದ್ದಾರೆ. ಒಲವಿನ ಕ್ರಮ ಬರೆಯುವ ಚುನಾವಣೆಯಲ್ಲಿ, ಮೂರು ನಾಲ್ಕು ಸ್ಥಾನಗಳ ಸರತಿಯಲ್ಲಿ, ಇಂತಿಂಥ ಸ್ಥಾನ ಹೆಂಗಸರಿಗೆಂದು ಮೀಸಲಿಡುವುದು ತೊಡಕಿನದು ಎನ್ನುತ್ತಾರೆ. ತೊಡಕು ನಿಜ. ಆದರೆ ಕಾಯಿದೆಗೆ ತೊಡಕಾದದ್ದು ಪಕ್ಷಕ್ಕೆ ತೊಡಕಲ್ಲ. ಇಬ್ಬರನ್ನು ಗೆಲ್ಲಿಸುವ ಬಲ ಇರುವ ಪಕ್ಷ ಆ ಇಬ್ಬರಲ್ಲಿ ಒಬ್ಬ ಹೆಂಗಸಿನ ಹೆಸರು ಬರೆಯುವುದಕ್ಕೆ ಯಾವ ಜನಗಣತಿ ಬೇಕು? ಯಾವ ಮರುವಿಂಗಡಣೆ ಬೇಕು? ರಾಜ್ಯಸಭೆಗೆ ಕ್ಷೇತ್ರವೇ ಇಲ್ಲ. ಬೇಸಿಗೆಯ ಬಿಸಿಲಿನ ಪ್ರಚಾರವಿಲ್ಲ, ಲಕ್ಷಗಟ್ಟಲೆ ಮತದಾರರ ಮನೆ ಸುತ್ತುವುದಿಲ್ಲ. ಹೆಂಗಸರಿಗೆ ಗೆಲ್ಲುವ ಸಾಮರ್ಥ್ಯವಿಲ್ಲ ಎಂದು ಲೋಕಸಭೆಯ ಟಿಕೇಟು ತಪ್ಪಿಸುವವರು, ತಮ್ಮ ಶಾಸಕರ ಮತದಿಂದಲೇ ಗೆಲ್ಲಿಸಬಹುದಾದ ಮೇಲ್ಮನೆಯಲ್ಲಿ ಏನು ನೆಪ ಹೇಳುತ್ತಾರೆ? ಅವರ ಮನಸ್ಸಿನ ನಿಜವಾದ ಅಳತೆ ಸಿಗುವುದು ಇಲ್ಲಿಯೇ.

"ಯೋಗ್ಯ ಹೆಂಗಸರು ಸಿಗಬೇಕಲ್ಲ" ಎಂಬುದು ಮುಂದಿನ ಮಾತು. ಸಿಗುವುದಿಲ್ಲವೇ? ಕರ್ನಾಟಕದಲ್ಲಿ 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಗಳಲ್ಲಿಯೇ ನೂರಕ್ಕೆ 25 ಸ್ಥಾನ ಹೆಂಗಸರಿಗಿತ್ತು. ದೇಶಕ್ಕೆಲ್ಲ 73ನೆಯ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲು. 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಅಂದಿನಿಂದ ಗೆದ್ದು, ಸಭೆ ನಡೆಸಿ, ಬಜೆಟ್ಟು ಓದಿ, ಅಧಿಕಾರಿಗಳ ಕೈಯಲ್ಲಿ ಕೆಲಸ ಮಾಡಿಸಿದ ಹೆಂಗಸರು ತಾಲೂಕು ತಾಲೂಕಿಗೆ ಇದ್ದಾರೆ. ಹೌದು, "ಅಧ್ಯಕ್ಷೆಯ ಗಂಡ" ಎಂಬ ಪ್ರಾಣಿಯೂ ಇದೆ. ಹೆಂಡತಿಯ ಕುರ್ಚಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂಡುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಂಚಾಯಿತಿ ಅಧ್ಯಕ್ಷೆಯಾದ ಮೊದಲ ವರ್ಷ ಗಂಡನ ಜೊತೆಗೇ ಬರುತ್ತಿದ್ದಳು. ಎರಡನೆಯ ವರ್ಷ ಗಂಡನನ್ನು ಹೊರಗೆ ಚಹಾದ ಅಂಗಡಿಯಲ್ಲಿ ಕೂಡಿಸಿ ತಾನೊಬ್ಬಳೇ ಒಳಗೆ ಹೋದಳು. ಕಲಿಯಲು ಒಂದು ವರ್ಷ ಸಾಕಾಯಿತು. ಗಂಡಸರು ಮೊದಲ ದಿನವೇ ಎಲ್ಲ ಕಲಿತು ಬಂದಿರುತ್ತಾರೆಯೇ? ಆದರೆ ಅವಳ ಮುಂದಿನ ಮೆಟ್ಟಿಲು ಎಲ್ಲಿ? ಪಂಚಾಯಿತಿಯಲ್ಲಿ ಅರ್ಧ, 2023ರ ವಿಧಾನಸಭಾ ಚುನಾವಣೆಯಲ್ಲಿ 224ಕ್ಕೆ 10. ಏಣಿಯ ನಡುವಿನ ಮೆಟ್ಟಿಲುಗಳನ್ನೇ ಕಿತ್ತಿಟ್ಟು, ಮೇಲೆ ಹತ್ತಿ ಬರಲಿಲ್ಲವೆಂದು ಹೆಂಗಸರನ್ನು ದೂರುತ್ತೇವೆ.

ನಾನು ಸರಕಾರದ ಸಂಬಳ ಉಣ್ಣುವವಳು. ಚುನಾವಣೆಗೆ ನಿಲ್ಲುವ ಹಾಗಿಲ್ಲ, ಯಾವ ಪಕ್ಷದ ಪರವೂ ಮಾತಾಡುವ ಹಾಗಿಲ್ಲ, ಅದು ಸರಿಯೇ. ಎಲ್ಲ ಪಕ್ಷಗಳನ್ನೂ ಸಮನಾಗಿ ಕೇಳುವುದಕ್ಕೆ ಅಡ್ಡಿಯಿಲ್ಲ. ಓದುತ್ತಿರುವ ನಿಮಗಂತೂ ಅಷ್ಟು ಕಟ್ಟೂ ಇಲ್ಲ. ಮುಂದಿನ ಸಲ ಕೈಮುಗಿದುಕೊಂಡು ಅಂಗಳಕ್ಕೆ ಬರುವವರಿಗೆ ನೀರು ಕೊಡಿ, ಕೂಡಲು ಹೇಳಿ, ಆಮೇಲೆ ಕೇಳಿ: ನಿಮ್ಮ ಪಕ್ಷ ಈ ಸಲ ಎಷ್ಟು ಜನ ಹೆಂಗಸರಿಗೆ ಟಿಕೇಟು ಕೊಟ್ಟಿದೆ? ಗೆಲ್ಲುವ ಕ್ಷೇತ್ರದಲ್ಲೋ, ಸೋಲುವುದು ಖಚಿತವಾದ ಕ್ಷೇತ್ರದಲ್ಲೋ? ವಿಧಾನಸಭೆಗೆ ನಿಂತವರಾದರೆ ಇನ್ನೊಂದು ಕೇಳಿ: ರಾಜ್ಯಸಭೆಯ ಚುನಾವಣೆಯಲ್ಲಿ ನಮ್ಮ ಓಟಿನಿಂದ ಬಂದ ನಿಮ್ಮ ಓಟು ಯಾರಿಗೆ ಹೋಗುತ್ತದೆ, ಬಂದು ಹೇಳುತ್ತೀರಾ? ಬೆಂಗಳೂರಿನಲ್ಲಿ ಏಜೆಂಟನಿಗೆ ತೋರಿಸುವ ಆ ಮತಪತ್ರದ ಮೇಲೆ ನಮಗೂ ಹಕ್ಕಿದೆ. ಮಹಿಳಾ ಮಂಡಳದ ಹತ್ತು ಜನ ಒಟ್ಟಾಗಿ ಕೇಳಿದರೆ ಯಾವ ಉಮೇದುವಾರನೂ ನಕ್ಕು ಹೋಗಲಾರ. ಹತ್ತು ಜನ ಎಂದರೆ ಹತ್ತು ಮನೆ ಎಂಬ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ನಮ್ಮ ಶಾಲೆಯ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಹುಡುಗಿ ಸೋತ ದಿನ ಮುಖ್ಯಾಧ್ಯಾಪಕರಿಗೆ ಕನಿಕರ ಬಂತು. "ರಾಷ್ಟ್ರಪತಿಗಳು 12 ಜನರನ್ನು ನಾಮಕರಣ ಮಾಡುತ್ತಾರಲ್ಲ, ಹಾಗೆ ನಾನು ಇವಳನ್ನು ನಾಮಕರಣ ಮಾಡುತ್ತೇನೆ, ಬಿಡಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹುಡುಗಿ ತಲೆ ತಗ್ಗಿಸಿಕೊಂಡೇ, "ಬ್ಯಾಡ್ರಿ ಸರ್. ಕೊಟ್ಟದ್ದಾದ್ರ ನಾಳೆ ನೀವ ತಗೋತೀರಿ. ಓಟಿನಾಗ ಬರ್ತೀನ್ರಿ" ಎಂದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 12ರಲ್ಲಿ ಇಬ್ಬರೇ ಹುಡುಗಿಯರು ಯಾಕೆ ಗೆದ್ದರು ಎಂದು ಮೂವತ್ತು ವರ್ಷದಲ್ಲಿ ನಾನೇ ಕೇಳಿಕೊಂಡಿರಲಿಲ್ಲ. ಮರುದಿನ ತೆಗೆದು ನೋಡಿದೆ, ನಿಂತವರೇ ಮೂವರು. ವಿಚಾರಿಸಿದರೆ, ಮುಂದಾಳುಗಳ ಸಭೆ ಶಾಲೆ ಬಿಟ್ಟ ಮೇಲೆ ನಡೆಯುತ್ತದೆ, ಸಭೆಗೆ ನಿಂತರೆ ಐದೂವರೆಯ ಬಸ್ಸು ತಪ್ಪುತ್ತದೆ, ಮುಂದಿನ ಬಸ್ಸಿಗೆ ಹೆಣ್ಣುಮಕ್ಕಳನ್ನು ಮನೆಯವರು ಬಿಡುವುದಿಲ್ಲ. ಆ ಸಮಯ ಗೊತ್ತು ಮಾಡಿದವಳು ಯಾರು? ನಾನೇ. ಪಕ್ಷದ ಹಿರಿಯರ ಕೋಣೆಯನ್ನು ಬಯ್ಯುವ ನನ್ನ ಕೋಣೆಯೂ ಹಾಗೆಯೇ ಇತ್ತು.

2025ರ ಜೂನ್‌ನಲ್ಲಿ ಸಭೆಯನ್ನು ಮಧ್ಯಾಹ್ನದ ಊಟದ ಬಿಡುವಿಗೆ ತಂದೆ. ಪಾಲಕರ ಸಭೆಯಲ್ಲಿ ತಾಯಂದಿರಿಗೆ ಅದನ್ನು ತಿಳಿಸಿ ಹೇಳಿದೆ. ಮತ್ತಾವ ಮೀಸಲಾತಿಯನ್ನೂ ಮಾಡಲಿಲ್ಲ. ಆ ವರ್ಷ ಒಂಬತ್ತು ಹುಡುಗಿಯರು ನಿಂತರು, ಐವರು ಮುಂದಾಳುಗಳಾದರು. ಮೇಲ್ಮನೆಯ ಮೂರು ಸ್ಥಾನಕ್ಕೆ ಮತ್ತೆ ಚುನಾವಣೆ ಇಟ್ಟೆವು. ಗೆಲ್ಲಲು ಬೇಕಾದದ್ದು ಅದೇ 4 ಮತ. ಈಗ ಹತ್ತನೆಯ ತರಗತಿಗೆ ಬಂದಿದ್ದ ಆ ಹುಡುಗಿ ಮತ್ತೆ ನಿಂತಳು. ಗಣಿತದ ಮಾಸ್ತರರು ಚೀಟಿಗಳನ್ನು ಬಿಚ್ಚಿ ಎಣಿಸಿದರು. ಅವಳಿಗೆ 6 ಬಿದ್ದಿದ್ದವು. ಐದು ಹುಡುಗಿಯರವು. ಆರನೆಯದು ಯಾರದೆಂದು ನಾನು ಕೇಳಲಿಲ್ಲ. ಆ ಸಲ ಚೀಟಿಗಳನ್ನು ಯಾರೂ ಯಾರಿಗೂ ತೋರಿಸಕೂಡದೆಂದು ಮೊದಲೇ ಹೇಳಿದ್ದೆ.